ಸಿಂಧಘಟ್ಟದಲ್ಲಿ ನಾಲ್ಕನೇ ಜ್ವರ

೧೯೬೬ನೇ ಇಸವಿ, ಶ್ರಾವಣ ಮಾಸ, ಒಂದು ಬುಧವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಕೃಷ್ಣರಾಜಪೇಟೆ ತಾಲ್ಲೂಕು ಸಿಂಧಘಟ್ಟದ ಸಣ್ಣೇಗೌಡರ ಮನೆಯ ಹಿತ್ತಿಲು. ಹಾಜರಿದ್ದವರು ಮೂವರು: ಯಜಮಾನರಾದ ಸಣ್ಣೇಗೌಡರು, ಅವರ ಹೆಂಡತಿ ಚಿಕ್ಕತಾಯಮ್ಮ, ಮತ್ತು ನಾನು. ಒಳಮನೆಯ ತಟ್ಟೆಗಳಲ್ಲಿ ಸಾವಿರಾರು ರೇಷ್ಮೆ ಹುಳುಗಳಿದ್ದವು. ಹೆಚ್ಚಿನವು ಆ ಹೊತ್ತಿಗೆ ತಲೆಯೆತ್ತಿಕೊಂಡು ಅಲ್ಲಾಡದೆ ಕೂತಿದ್ದವು.

ಹೊತ್ತು, ಸ್ಥಳ, ಹಾಜರಾತಿ ಹೇಳಿ ಮಾತು ಶುರುಮಾಡುವುದು ನಮ್ಮ ತಂದೆಯಿಂದ ಬಂದ ಅಭ್ಯಾಸ. ಅವರು ಪಾಂಡವಪುರದ ರೈಲು ನಿಲ್ದಾಣದಲ್ಲಿ ಕೆಲಸದಲ್ಲಿದ್ದರು. ಮನೆಯಲ್ಲಿ ಸ್ನಾನಕ್ಕೆ, ಓದಿಗೆ, ದೀಪ ಒರೆಸುವುದಕ್ಕೆ, ಎಲ್ಲಕ್ಕೂ ವೇಳೆಯಿತ್ತು. ತಡವಾದವರಿಗೆ ಬೈಗುಳ ಇರಲಿಲ್ಲ. ಅವರು ಗಡಿಯಾರದ ಕಡೆ ಒಮ್ಮೆ ನೋಡುತ್ತಿದ್ದರು, ಅಷ್ಟೆ. ಆ ನೋಟ ಸಾಕಾಗುತ್ತಿತ್ತು.

ಹೋದ ವಾರ ಬಿಂಡಿಗನವಿಲೆಯ ತಂಗಿಯ ಮನೆಯಿಂದ ನಾಗಮಂಗಲಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಒಬ್ಬಾತ ಒದ್ದೆ ಗೋಣಿಯಲ್ಲಿ ಕಟ್ಟಿದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ನನ್ನ ಕಾಲ ಬಳಿಯೇ ಇಳಿಸಿದ. ಹೊಸದಾಗಿ ಕೊಯ್ದ ಸೊಪ್ಪಿಗೆ ಒಂದು ಹಸಿ ವಾಸನೆ ಇರುತ್ತದೆ, ಸ್ವಲ್ಪ ಹಾಲಿನಂತೆ, ಸ್ವಲ್ಪ ಮಣ್ಣಿನಂತೆ. ನಾಗಮಂಗಲ ಬರುವವರೆಗೂ ನಾನು ಬಸ್ಸಿನಲ್ಲಿರಲಿಲ್ಲ, ಸಿಂಧಘಟ್ಟದ ಹಿತ್ತಿಲ ಚಪ್ಪರದ ಕೆಳಗಿದ್ದೆ.

ಆಗ ನಾನು ಶ್ರೀರಂಗಪಟ್ಟಣದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ವಾಸ ಬಾಬುರಾಯನಕೊಪ್ಪಲಿನಲ್ಲಿ. ಸಂಶೋಧನೆ ಮಾಡಬೇಕೆಂಬ ಆಸೆಯಿಂದ ಒಂದು ವರ್ಷದ ರಜೆ ಹಾಕಿ ಮೈಸೂರಿನ ಪ್ರಯೋಗಾಲಯವೊಂದಕ್ಕೆ ಸೇರಿಕೊಂಡೆ. ವಿಷಯ, ರೇಷ್ಮೆ ಹುಳುವಿನ ಮೆದುಳು.

ಹುಳುವಿಗೂ ಮೆದುಳುಂಟು. ಸಾಸಿವೆ ಕಾಳಿನ ಅರ್ಧದಷ್ಟೂ ಇರುವುದಿಲ್ಲ. ಅದರ ನಡುವೆ ಕೆಲವು ದಪ್ಪ ನರಕೋಶಗಳಿವೆ. ಬೇರೆ ನರಕೋಶಗಳು ಸುದ್ದಿ ಸಾಗಿಸಿದರೆ ಇವು ಒಂದು ರಸವನ್ನು ತಯಾರಿಸಿ ಮೈಗೆ ಬಿಡುತ್ತವೆ. ಆ ರಸ ಇಳಿದ ಮೇಲೆಯೇ ಹುಳು ಹಳೆಯ ಚರ್ಮ ಕಳಚಿ ದೊಡ್ಡದಾಗುವುದು. ಗೂಡು ಕಟ್ಟುವ ಮೊದಲು ಅದು ನಾಲ್ಕು ಸಲ ಚರ್ಮ ಕಳಚುತ್ತದೆ. ಪ್ರತಿ ಸಲವೂ ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನಕ್ಕೂ ಮೇಲೆ ಕಲ್ಲಿನಂತೆ ಕೂತುಬಿಡುತ್ತದೆ. ನಮ್ಮ ಕಡೆಯವರು ಇದನ್ನು ಜ್ವರ ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಹುಳು ಬೆಳೆದಂತೆ ಆ ನರಕೋಶಗಳು ಹೇಗೆ ಬೆಳೆಯುತ್ತವೆ, ಯಾವಾಗ ತುಂಬುತ್ತವೆ, ಯಾವಾಗ ಬರಿದಾಗುತ್ತವೆ ಎಂಬುದನ್ನು ನಾನು ಕಂಡುಕೊಳ್ಳಬೇಕಿತ್ತು.

ಮೂರನೇ ಜ್ವರದವರೆಗೆ ಕೆಲಸ ಮುಗಿದಿತ್ತು. ನಾಲ್ಕನೆಯದು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಸಾಕಿದ ಹುಳುಗಳು ಎರಡು ಸಲವೂ ಅಷ್ಟು ದೂರ ಬರುವ ಮೊದಲೇ ಸತ್ತವು. ನಮ್ಮ ಪ್ರೊಫೆಸರಿಗೆ ಮಾತು ಕಡಿಮೆ. "ಜ್ವರದ ಮೊದಲಿನದು, ಜ್ವರದ ನಡುವಿನದು, ಎದ್ದ ಮೇಲಿನದು. ನಡುವಿನದು ಇಲ್ಲದಿದ್ದರೆ ಉಳಿದ ಎರಡನ್ನು ಬೀರುವಿನಲ್ಲಿಟ್ಟು ಶಾಲೆಗೆ ಹೋಗಿ," ಎಂದಿದ್ದರು. ರಜೆ ಶ್ರಾವಣದ ಕೊನೆಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ನಾಲ್ಕನೇ ಜ್ವರದ ಮೆದುಳು ಸೀಸೆಯಲ್ಲಿದ್ದರೆ ವಿಷಯ ನನ್ನದು, ಇಲ್ಲವಾದರೆ ಬೇರೆಯವರದು.

ಹಾಗಾಗಿ ರೈತರ ಮನೆಯಲ್ಲೇ ಇದ್ದು ಹುಳು ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ. ಸಣ್ಣೇಗೌಡರು ನನ್ನ ವಿದ್ಯಾರ್ಥಿನಿಯೊಬ್ಬಳ ಸೋದರಮಾವ. ಪಾಂಡವಪುರದ ಮೇಲೆ ಕೃಷ್ಣರಾಜಪೇಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ತಗಡಿನ ಪೆಟ್ಟಿಗೆಯ ಸಮೇತ ಅವರ ಮನೆ ಮುಂದೆ ಇಳಿದೆ. ಪೆಟ್ಟಿಗೆಯಲ್ಲಿ ಇದ್ದದ್ದು ಭೂತಗನ್ನಡಿ, ಚಿಮಟ, ಸೂಜಿ, ಸೀಸೆ, ಮತ್ತು ಮೆದುಳು ಕೆಡದಂತೆ ಹಾಕಿಡುವ ಹಳದಿ ದ್ರಾವಣ.

ಗೌಡರು ಎತ್ತರದ ಆಳು, ನಗುವುದಕ್ಕೆ ಮೊದಲು ಮೀಸೆ ಸವರಿಕೊಳ್ಳುವವರು.

"ಉಳಿನ ತಲೆ ಕುಯ್ಯಕ್ಕೆ ಮೈಸೂರಿಂದ ಬಂದವ್ರೆ ಕಣೆ," ಎಂದು ಹೆಂಡತಿಗೆ ಕೂಗಿ ಹೇಳಿದರು. "ಅದ್ರಾಗೆ ಮಿದುಳು ಐತಂತೆ."

ಚಿಕ್ಕತಾಯಮ್ಮ ಒಳಗಿಂದಲೇ ಅಂದರು, "ಎಲ್ರಿಗೂ ಅದೆ. ಕೆಲವ್ರು ಉಪಯೋಗ್ಸಕಿಲ್ಲ."

ಹುಳು ಸಾಕುವುದು ಪೂರ್ತಿ ಅವರ ಕೆಲಸ. ಗೌಡರು ಸೊಪ್ಪು ತರುವವರು, ಅಷ್ಟೆ. ಹುಳು ಇರುವಷ್ಟು ದಿನ ಆ ಮನೆಗೆ ಬೇರೆಯದೇ ಕಟ್ಟುನಿಟ್ಟು. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಬೀಡಿ ಇಲ್ಲ, ಒಗ್ಗರಣೆ ಇಲ್ಲ. ಆ ವಾಸನೆ ಹುಳುವಿಗೆ ಆಗದು. ದಿನವೂ ಮುದ್ದೆ, ಉಪ್ಸಾರು. ನನ್ನ ದ್ರಾವಣದ ಘಾಟನ್ನು ಮೂಸಿದವರೇ ಚಿಕ್ಕತಾಯಮ್ಮ ನನ್ನ ಮೇಜನ್ನು ಕೊಟ್ಟಿಗೆಗೆ ಒತ್ತಿದ್ದ ಹಿತ್ತಿಲ ಚಪ್ಪರಕ್ಕೆ ಸಾಗಿಸಿದರು. ಕೊಯ್ಯುವುದೆಲ್ಲ ಅಲ್ಲೇ, ಮನೆಯೊಳಗೆ ಒಂದು ಹುಳುವನ್ನೂ ಕೊಲ್ಲಕೂಡದು. ನಾನು ಒಪ್ಪಿದೆ. ವೇಳೆಯ ಮೇಲೆ ನಡೆಯುವ ಮನೆ ನನಗೆ ಹೊಸದಲ್ಲ. ನಾಲ್ಕು ದಿನದಲ್ಲೇ ಸೊಪ್ಪು ಹೆಚ್ಚುವುದಕ್ಕೆ, ತಟ್ಟೆಯ ಕಸ ತೆಗೆಯುವುದಕ್ಕೆ ನನ್ನನ್ನೂ ಕರೆಯತೊಡಗಿದರು. ಹಳದಿ ದ್ರಾವಣದಿಂದ ಬಣ್ಣ ಹಿಡಿದ ನನ್ನ ಬೆರಳುಗಳನ್ನು ನೋಡಿ, "ಓದ್ದೋಳಾದ್ರೂ ಅರಿಶಿನ ಮರ್ತಿಲ್ಲ," ಎಂದು ನೆರೆಯವರ ಮುಂದೆ ಹೊಗಳಿದರು. ನಾನು ತಿದ್ದಲಿಲ್ಲ.

ಮಂಗಳವಾರ ಹುಳುಗಳ ಮೇವು ಇಳಿಯಿತು. ಜ್ವರದ ಮೊದಲಿನ ಮೆದುಳುಗಳನ್ನು ಅಂದೇ ಸೀಸೆಗೆ ಹಾಕಿ ಮುಗಿಸಿದೆ. ಬುಧವಾರ ಬೆಳಗಿನ ಜಾವದಲ್ಲಿ ನಾನು ನೋಡಿಕೊಳ್ಳುತ್ತಿದ್ದ ತಟ್ಟೆಗಳೆಲ್ಲ ಸ್ತಬ್ಧವಾದವು. ನಾನು ಕಾಯುತ್ತಿದ್ದ ದಿನ ಅದೇ. ಆ ದಿನ ಬೆಳಿಗ್ಗೆಯೇ ನಾನು ಮುಟ್ಟಾದೆ.

ಹೇಳದೆ ಒಳಗೆ ಹೋಗಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹುಳುವಿಗೆ ಏನೂ ಆಗುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಮುಟ್ಟಾದವರು ಹುಳುವಿನ ಮನೆಯೊಳಗೆ ಬರಬಾರದೆಂಬ ನಿಯಮ ಸರಿಯೆಂದು ಅಂದೂ ಒಪ್ಪಿರಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಅವರ ಮನೆಯಲ್ಲಿ ಅವರ ಕಟ್ಟಳೆಗೆ ಒಪ್ಪಿ ಊಟ ಮಾಡುತ್ತಿದ್ದೆ. ಬೇಕಾದಾಗ ಒಪ್ಪಿ ಬೇಡವಾದಾಗ ಬಿಡುವುದು ನನ್ನಿಂದ ಆಗುವುದಿಲ್ಲ.

"ಚಿಕ್ಕತಾಯವ್ವ, ಇವತ್ತು ನಾನು ಒಳಗೆ ಬರೋ ಹಾಗಿಲ್ಲ," ಎಂದೆ.

ಅವರು ಕೈಲಿದ್ದ ಮೊರ ಕೆಳಗಿಟ್ಟರು. "ಒರಗಾದ್ಯಾ?"

"ಹೂಂ."

"ಒಳ್ಳೆ ದಿನ ನೋಡ್ಕಂಡೆ ಕಣವ್ವ."

ಗೌಡರು ಗಂಟಲು ಸರಿಮಾಡಿಕೊಂಡು, "ನಾನು ದನ ಕಟ್ಟಾಕಿ ಬತ್ತೀನಿ," ಎಂದು ಹೊರಟರು. ದನ ಆಗಲೇ ಕಟ್ಟಿಯಾಗಿತ್ತು.

"ಅದ್ಕೇನು ಬುಡು, ಬೇಕಾದೋವ್ನ ನಾನೇ ತಂದ್ಕೊಡ್ತೀನಿ," ಎಂದರು ಚಿಕ್ಕತಾಯಮ್ಮ. "ಎಂತವು ಬೇಕು ಏಳು."

"ಜ್ವರಕ್ಕೆ ಕೂತಿರೋವು. ಬೆಳಿಗ್ಗೆ ಒಂದಷ್ಟು, ಮಧ್ಯಾಹ್ನ ಒಂದಷ್ಟು, ಸಂಜೆ ಒಂದಷ್ಟು."

"ನಿಂಗೆ ಒಳ್ಳೇವೇ ತಂದ್ಕೊಡ್ತೀನಿ, ಯೋಚ್ನೆ ಮಾಡ್ಬ್ಯಾಡ," ಎಂದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಹಿತ್ತಿಲ ಬಾಗಿಲ ಹೊಸ್ತಿಲಿನಾಚೆ ಒಂದು ಪುಟ್ಟ ಬುಟ್ಟಿ ಇಟ್ಟು, ಹಿಂದೆ ಸರಿದು ನಿಂತರು. ನಾನು ಎತ್ತಿಕೊಂಡು ಚಪ್ಪರಕ್ಕೆ ಬಂದು ಮೇಲಿನ ಬಟ್ಟೆ ತೆಗೆದೆ. ಹುಳುಗಳು ಸೊಪ್ಪಿನ ಅಂಚು ಹಿಡಿದು ಸರಸರನೆ ಮೇಯುತ್ತಿದ್ದವು. ಜ್ವರದ ಹುಳು ಮೇಯುವುದಿಲ್ಲ. ಕೆಲವು ತಡವಾಗಿ ಕೂರುವುದುಂಟು, ಆಯ್ದು ತರುವಾಗ ಅಂಥವು ಬಂದಿರಬಹುದು ಎಂದುಕೊಂಡು ಕಾದೆ. ಬೇಡದ ಹುಳುವನ್ನು ಕೊಯ್ಯುವ ಅಭ್ಯಾಸ ನನಗಿಲ್ಲ. ಮಧ್ಯಾಹ್ನದ ಕಂತು ಬಂತು, ಅವೂ ಮೇಯುತ್ತಿದ್ದವು. ಎಲ್ಲವನ್ನೂ ಒಂದೇ ಬುಟ್ಟಿಗೆ ಬಿಟ್ಟು, ಕೋಳಿ ಮುಟ್ಟದಂತೆ ಚಪ್ಪರದ ಗಳಕ್ಕೆ ತೂಗುಹಾಕಿದೆ. ಜಿಟಿಜಿಟಿ ಮಳೆ, ಮೇಲೆ ತಣ್ಣನೆ ಗಾಳಿ. ಒಳಗೆ ತಟ್ಟೆಗಳ ನಡುವೆ ಕೆಂಡದ ಮಡಕೆ ಇಟ್ಟಿದ್ದರು. ನನ್ನ ಹುಳುಗಳಿಗೂ ನನಗೂ ಆ ಬಿಸಿ ಇರಲಿಲ್ಲ.

ಸಂಜೆಯ ಕಂತು ಹೊಸ್ತಿಲಿಗೆ ಬಂದಾಗ ನಾನು ಎತ್ತಿಕೊಳ್ಳಲಿಲ್ಲ.

"ಚಿಕ್ಕತಾಯವ್ವ, ಇವು ಜ್ವರದವಲ್ಲ."

"ಅಲ್ಲ ಕಣವ್ವ. ಹಿಂದಿನ ತಟ್ಟೇವು," ಎಂದರು ಸಂತೋಷದಿಂದಲೇ. "ಆರ್ಸಿ ಆರ್ಸಿ ತಂದಿವ್ನಿ. ಒಂದೊಂದೂ ನೋಡು, ಎಳೇ ಉರುಳಿಕಾಯಿದ್ದಂಗವೆ."

ಆಗ ವಿಷಯ ತಿಳಿಯಿತು. ಗೌಡರು ಮೊಟ್ಟೆ ತಂದದ್ದು ಎರಡು ಕಂತಿನಲ್ಲಿ. ಎರಡನೇ ಕಂತು ಒಂದು ದಿನ ತಡವಾಗಿ ಒಡೆದು, ನಾನು ಕೈ ಹಾಕದಿದ್ದ ಹಿಂದಿನ ತಟ್ಟೆಗಳಲ್ಲಿ ಬೇರೆಯಾಗಿ ಬೆಳೆಯುತ್ತಿತ್ತು. ಅವಕ್ಕೆ ಇನ್ನೂ ಜ್ವರ ಬಂದಿರಲಿಲ್ಲ. ದಿನವಿಡೀ ನನಗೆ ಬಂದದ್ದು ಅವೇ.

"ನನಗೆ ಜ್ವರದವೇ ಬೇಕಿತ್ತಲ್ಲ."

"ಜ್ವರ ಬಂದಿರೋ ಕೂಸ್ನ ಯಾರಾರ ಒಸ್ಲು ದಾಟುಸ್ತಾರಾ? ಅದ್ರಾಗೂ ಮನೆಗೆ ಬಂದೋಳ ಕೈಗೆ ಕಾಯ್ಲೆದು ಕೊಡೋದು ಅಂದ್ರೇನು. ನಾಳೆ ನೀನೇ ಊರಲ್ಲಿ ಏಳ್ಕಂಡು ನಗ್ತೀಯ."

ಅಷ್ಟರಲ್ಲಿ ಗೌಡರು ಬಂದರು. "ಲೇ, ಅವ್ರು ಉಳಿಗೆ ಮದ್ವೆ ಮಾಡಕ್ಕೆ ಕೇಳ್ತಿಲ್ಲ, ತಲೆ ಕುಯ್ಯಕ್ಕೆ ಕೇಳ್ತಾವ್ರೆ. ಓಗೋ ತಲೆಗೆ ಜ್ವರ ಇದ್ರೇನು, ನೆಗಡಿ ಇದ್ರೇನು. ಕೊಟ್ಬುಡು."

"ನೀವು ಸುಮ್ಕಿರಿ. ಓದ್ ಬೆಳೆ ತಿಪ್ಪೆಗೆ ಆಕ್ದಾಗ ಬುಟ್ಟಿ ಒತ್ತೋಳು ನಾನು."

ಹಿಂದಿನ ಬೆಳೆಯಲ್ಲಿ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂದು, ತಟ್ಟೆತಟ್ಟೆಯೇ ಬಿಳಿಗಟ್ಟಿ ಸೆಟೆದು ಸತ್ತಿದ್ದವು. ಅದಕ್ಕೆ ಮುಂಚೆ ನಾಲ್ಕನೇ ಜ್ವರದಲ್ಲಿ ಯಾರೋ ನೆಂಟರು ನೋಡಬೇಕೆಂದಾಗ ಚಿಕ್ಕತಾಯಮ್ಮ ಒಂದು ತಟ್ಟೆಯನ್ನು ಹೊರಗೆ ಬೆಳಕಿಗೆ ತಂದಿದ್ದರಂತೆ. ಅವರ ಪಾಲಿಗೆ ಕಾರಣ ಅದೇ. ಈ ಬೆಳೆಯೂ ಹೋದರೆ ಆ ಮನೆಯಲ್ಲಿ ಇನ್ನು ಹುಳು ಸಾಕುವುದಿಲ್ಲವೆಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು. ನನಗೆ ನನ್ನ ಸೀಸೆ ಎಷ್ಟು ಮುಖ್ಯವೋ ಅವರಿಗೆ ಆ ಹೊಸ್ತಿಲು ಅಷ್ಟು ಮುಖ್ಯ.

ಆಕೆ ಒಳಗೆ ಹೋದ ಮೇಲೆ ಗೌಡರು ಚಪ್ಪರದ ಹತ್ತಿರ ಬಂದು ದನಿ ತಗ್ಗಿಸಿದರು. "ಮೇಡಮ್ಮ, ನಾನೇ ಒಂದು ಇಡಿ ಕದ್ದು ತಂದ್ಕೊಡ್ಲಾ?"

"ಬೇಡಿ ಗೌಡ್ರೆ. ಅವರಿಗೆ ಗೊತ್ತಾಗದಿದ್ದರೂ ನಮಗಿಬ್ಬರಿಗೆ ಗೊತ್ತಿರುತ್ತೆ."

"ಅದೂ ಸರಿಯೇ. ಅವ್ಳಿಗೆ ಗೊತ್ತೂ ಆಯ್ತದೆ," ಎಂದು ಮೀಸೆ ಸವರಿಕೊಂಡು ಹೋದರು.

ಗುರುವಾರ ಎದ್ದಾಗ ಒಳಮನೆಯ ಸದ್ದೇ ಬದಲಾಗಿತ್ತು. ಮೊದಲ ಕಂತಿನ ಹುಳುಗಳು ಜ್ವರ ಬಿಟ್ಟು ಎದ್ದಿದ್ದವು. ಚಿಕ್ಕತಾಯಮ್ಮ ಸೊಪ್ಪಿಗೆ ಅವಸರಪಡಿಸುತ್ತಿದ್ದರು, ಗೌಡರು ಹೊರೆಯ ಮೇಲೆ ಹೊರೆ ತಂದು ಸುರಿಯುತ್ತಿದ್ದರು. ಒಂದೂ ಕೆಟ್ಟಿರಲಿಲ್ಲ. ಅವರ ದನಿಯಲ್ಲಿದ್ದ ಗೆಲುವು ಹಿತ್ತಿಲವರೆಗೆ ಕೇಳಿಸುತ್ತಿತ್ತು. ಹಿಂದಿನ ತಟ್ಟೆಯವಕ್ಕೆ ಜ್ವರ ಬಂದರೂ ಅವು ಹೊಸ್ತಿಲು ದಾಟುವಂತಿರಲಿಲ್ಲ, ಬುಟ್ಟಿಯವು ಆ ಚಳಿಗೆ ಉಳಿಯಲಾರವು ಎಂದುಕೊಂಡಿದ್ದೆ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಅಳುವುದು ನಮ್ಮ ಮನೆಯ ವೇಳಾಪಟ್ಟಿಯಲ್ಲಿ ಇರಲಿಲ್ಲ. ಚಿಮಟ, ಸೂಜಿ ಒರೆಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಹತ್ತು ಗಂಟೆಯ ಬಸ್ಸಿಗೆ ಹೊರಟರೆ ಸಂಜೆಯೊಳಗೆ ಬಾಬುರಾಯನಕೊಪ್ಪಲು. ಸೋಮವಾರದಿಂದ ಶಾಲೆ.

ಬುಟ್ಟಿಯನ್ನು ಹಿಂದಿರುಗಿಸಬೇಕಿತ್ತು. ಗಳದಿಂದ ಇಳಿಸಿ ಬಟ್ಟೆ ತೆಗೆದೆ. ನಿನ್ನೆ ಸಂಜೆ ಹಾಕಿದ ಸೊಪ್ಪು ಹಾಗೆಯೇ ಬಾಡಿ ಬಿದ್ದಿತ್ತು. ಹುಳುಗಳು ಸತ್ತವೆಂದೇ ತಿಳಿದೆ. ಒಂದನ್ನು ಬೆರಳಿನಿಂದ ಮುಟ್ಟಿದೆ, ಮೈ ಬಿಗಿಯಾಗಿತ್ತು. ಪೆಟ್ಟಿಗೆ ಮತ್ತೆ ತೆರೆದು ಭೂತಗನ್ನಡಿ ತೆಗೆದುಕೊಂಡೆ. ಹುಳು ತಲೆಯನ್ನು ಮೇಲಕ್ಕೆತ್ತಿಕೊಂಡಿತ್ತು, ತಲೆಯ ಹಿಂದೆ ಚರ್ಮದಡಿಯಲ್ಲಿ ಹೊಸ ತಲೆಯ ಕಂದು ಗುರುತು ಕಾಣುತ್ತಿತ್ತು. ಇನ್ನೊಂದನ್ನು ನೋಡಿದೆ, ಮತ್ತೊಂದನ್ನು ನೋಡಿದೆ. ಎಲ್ಲವೂ ಹಾಗೆಯೇ. ಹಿಂದಿನ ತಟ್ಟೆಯ ಹುಳುಗಳಿಗೆ ನನ್ನ ಬುಟ್ಟಿಯಲ್ಲೇ ನಾಲ್ಕನೇ ಜ್ವರ ಬಂದಿತ್ತು.

ಸೂಜಿ ಹೊರಗೆ ತೆಗೆಯುವ ಮೊದಲು ಚಿಕ್ಕತಾಯಮ್ಮನನ್ನು ಕರೆದೆ. ಅವರು ಸೊಪ್ಪಿನ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದರು.

"ಇನ್ನೂ ಕುಯ್ದಿಲ್ವಾ ಅವ್ನ? ನಿನ್ನೇನೆ ಸತ್ತೋದ್ವು ಅನ್ಕಂಡು ಈ ಕಡೆ ತಿರ್ಗೇ ನೋಡಿರ್ಲಿಲ್ಲ ನಾನು."

"ಇಲ್ಲ. ನೋಡಿ ಹೇಗಿವೆ."

ಹೊಸ್ತಿಲಿನಾಚೆಯಿಂದಲೇ ಬಗ್ಗಿ ನೋಡಿದರು. ನಾನು ಬುಟ್ಟಿಯನ್ನು ಅಲ್ಲಾಡಿಸದೆ ಹಿಡಿದುಕೊಂಡಿದ್ದೆ.

"ಜ್ವರ ಬಂದದೆ," ಎಂದರು.

"ಹೌದು."

"ಒಳಕ್ಕೆ ತಗಳಂಗಿಲ್ಲ. ನೀನು ಮುಟ್ಟಿದ್ದೀಯ."

"ಮುಟ್ಟಿದ್ದೀನಿ."

"ಒಸ್ಲು ದಾಟ್ದಾಗ ಜ್ವರ ಇರ್ಲಿಲ್ಲ."

"ಇರಲಿಲ್ಲ."

ಅವರು ಒಮ್ಮೆ ಒಳಗಿನ ತಟ್ಟೆಗಳ ಕಡೆ ನೋಡಿ, ಮತ್ತೆ ಬುಟ್ಟಿಯ ಕಡೆ ನೋಡಿದರು. "ಅಂಗಾದ್ರೆ ನನ್ ಲೆಕ್ಕಕ್ಕೆ ಬರಕಿಲ್ಲ. ಅವು ನಿನ್ನವು ಬುಡು. ಏನ್ ಬೇಕಾದ್ರೂ ಮಾಡ್ಕೊ."

ಹತ್ತು ಗಂಟೆಯ ಬಸ್ಸು ಹೋದದ್ದು ನನಗೆ ಕೇಳಿಸಿತು. ಅಷ್ಟು ಹಗುರವಾದ ಮನಸ್ಸಿನಿಂದ ನಾನು ಎಂದೂ ಬಸ್ಸು ತಪ್ಪಿಸಿಕೊಂಡಿಲ್ಲ.

ಗುರುವಾರವೆಲ್ಲ, ಶುಕ್ರವಾರ ಹಗಲೆಲ್ಲ ಚಪ್ಪರದಡಿಯಲ್ಲಿ ಕೆಲಸ ಮಾಡಿದೆ. ಉಪ್ಪುನೀರಿನ ತಟ್ಟೆಯಲ್ಲಿ ತಲೆಯನ್ನಿಟ್ಟು, ಸೂಜಿಯಿಂದ ಮೇಲಿನ ಚಿಪ್ಪನ್ನು ಬಿಡಿಸಬೇಕು. ಕೊಬ್ಬಿನ ಎಳೆಗಳನ್ನು ಪಕ್ಕಕ್ಕೆ ಸರಿಸಿದರೆ ಎರಡು ಬಿಳಿ ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಅದೇ ಮೆದುಳು. ಕೈ ಸ್ವಲ್ಪ ನಡುಗಿದರೂ ಹರಿದುಹೋಗುತ್ತದೆ. ನನ್ನ ಕೈ ಆ ಎರಡು ದಿನ ನಡುಗಲಿಲ್ಲ. ಚಳಿಗೆ ಬೆರಳು ಮರಗಟ್ಟಿದಾಗ ಗೌಡರು ಒಂದು ಮಡಕೆಯಲ್ಲಿ ಕೆಂಡ ತಂದಿಟ್ಟರು. ಹುಳುವಿನ ಹತ್ತಿರ ಬೇಡ, ಜ್ವರದ ಹೊತ್ತು ಬದಲಾಗುತ್ತದೆ ಎಂದೆ. ಮಡಕೆಯನ್ನು ನನ್ನ ಕಾಲ ಬಳಿಗೆ ತಳ್ಳಿದರು.

"ಒಸಿ ತೋರ್ಸಿ ಮೇಡಮ್ಮ ಆ ಮಿದುಳ್ನ."

ಭೂತಗನ್ನಡಿ ಕೊಟ್ಟೆ. ಒಂದು ಕಣ್ಣು ಮುಚ್ಚಿಕೊಂಡು ನೋಡಿದರು. "ಇಷ್ಟರಾಗೆ ಚರ್ಮ ಯಾವಾಗ ಬುಡ್ಬೇಕು ಅಂತ ಲೆಕ್ಕ ಇಡ್ತದಾ ಇದು?"

"ಇಡುತ್ತೆ."

"ನಮ್ಮ ಎಡಗಡೆ ಎತ್ತಿಂದೂ ಒಸಿ ನೋಡ್ಬುಡಿ. ಉಳೋ ಒತ್ತಲ್ಲಿ ಮನಿಕ್ಕೊತದೆ, ಮನಿಕ್ಕೊಳೋ ಒತ್ತಲ್ಲಿ ಎದ್ದು ನಿಂತ್ಕೊತದೆ."

"ಎತ್ತಿನ ಮಿದುಳು ಆಮೇಲೆ ನೋಡ್ಲಿ," ಎಂದಿತು ಒಳಗಿನ ದನಿ. "ಸೊಪ್ಪು ತರೋ ಒತ್ತಲ್ಲಿ ಇಣುಕ್ಕಂಡು ಕುಂತಿರೋರ್ದು ಮೊದ್ಲು ನೋಡ್ಲಿ."

ಆ ಮೆದುಳುಗಳನ್ನು ಮುಂದೆ ಮೈಸೂರಿನಲ್ಲಿ ತೆಳುವಾಗಿ ಸೀಳಿ, ಬಣ್ಣ ಹಾಕಿ ನೋಡಿದೆವು. ಜ್ವರದ ಮೊದಲಿನ ಕೋಶಗಳು ಕಡುನೀಲಿಯಾಗಿ ತುಂಬಿಕೊಂಡಿದ್ದವು, ನಡುವಿನವು ಬಹುಪಾಲು ಬರಿದಾಗಿದ್ದವು, ಎದ್ದ ಮೇಲಿನವು ಮತ್ತೆ ತುಂಬತೊಡಗಿದ್ದವು. ಪ್ರೊಫೆಸರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, "ರಜೆ ಮುಂದುವರಿಸಲು ಅರ್ಜಿ ಬರೆಯಿರಿ," ಎಂದರು. ಬುಟ್ಟಿ ಹೊರಗೆ ಚಳಿಯಲ್ಲಿತ್ತೆಂಬುದನ್ನೂ, ಇವು ಎರಡನೇ ಕಂತಿನ ಹುಳುಗಳೆಂಬುದನ್ನೂ ಅವರಿಗೆ ತಿಳಿಸಿದ್ದೆ. ಮಂಗಳವಾರದ ಮೆದುಳುಗಳು ಮೊದಲ ಕಂತಿನವಾದ್ದರಿಂದ ಹೋಲಿಕೆ ಗಟ್ಟಿಯಾಗಲೆಂದು ಮುಂದಿನ ಬೆಳೆಯಲ್ಲಿ ಇನ್ನೊಮ್ಮೆ ಸಿಂಧಘಟ್ಟಕ್ಕೆ ಹೋದೆ. ಫಲ ಅದೇ ಬಂತು. ಚಿಕ್ಕತಾಯಮ್ಮನ ಗೂಡುಗಳೂ ಎರಡೂ ಬೆಳೆಯಲ್ಲಿ ಹಳದಿಯಾಗಿ, ಗಟ್ಟಿಯಾಗಿ ಬಂದವು. ಇದೆಲ್ಲ ಆಮೇಲಿನ ಮಾತು, ಶುಕ್ರವಾರಕ್ಕೆ ಬರುತ್ತೇನೆ.

ಶುಕ್ರವಾರ ಇಳಿಹೊತ್ತಿಗೆ ಬುಟ್ಟಿಯ ಹುಳುಗಳು ಒಂದೊಂದಾಗಿ ಹಳೆಯ ಚರ್ಮದಿಂದ ಹೊರಬರತೊಡಗಿದವು. ಎದ್ದ ಮೇಲಿನ ಮೆದುಳುಗಳಿಗೆ ಬೇಕಾದಷ್ಟನ್ನು ತೆಗೆದುಕೊಂಡೆ. ಕೊನೆಯ ಸೀಸೆಗೆ ಬಿರಡೆ ಹಾಕಿ, ಮೇಣ ಕರಗಿಸಿ ಬಾಯಿ ಮುಚ್ಚಿ, ಚೀಟಿ ಅಂಟಿಸಿದೆ. ಸೂಜಿ, ಚಿಮಟಗಳನ್ನು ಕುದಿನೀರಿನಲ್ಲಿ ತೊಳೆದು ಒರೆಸಿದೆ. ಮೇಜಿನ ಹಲಗೆಯನ್ನು ಬೂದಿ ಹಾಕಿ ಉಜ್ಜಿದೆ.

ಚಿಕ್ಕತಾಯಮ್ಮ ಹೊಸ್ತಿಲಿಗೆ ಬಂದು ನಿಂತರು. "ಮುಗೀತಾ?"

"ಮುಗೀತು."

"ಉಳ್ದೋವು?"

"ಒಂದಷ್ಟು ಇವೆ. ಚರ್ಮ ಬಿಟ್ಟು ಎದ್ದಿವೆ."

ಅವರು ಒಳಗೆ ಹೋಗಿ, ಸಣ್ಣಗೆ ಹೆಚ್ಚಿದ ಸೊಪ್ಪನ್ನು ಮೊರದಲ್ಲಿ ತಂದು ಹೊಸ್ತಿಲಿನಾಚೆಗೆ ಸರಿಸಿದರು. ಅದರ ಪಕ್ಕದಲ್ಲೇ ಮುಚ್ಚಿದ ತಣಿಗೆಯಲ್ಲಿ ನನ್ನ ಮುದ್ದೆ.

"ಮೊದ್ಲು ಅವಕ್ಕೆ ಆಕು, ಅಸ್ಕೊಂಡಿರ್ತವೆ. ಆಮೇಲೆ ನೀನು ಉಣ್ಣು."

ಸೊಪ್ಪನ್ನು ಬುಟ್ಟಿಯ ಮೇಲೆ ತೆಳುವಾಗಿ, ಸಮವಾಗಿ ಹರಡಿದೆ. ಮೊದಲ ಹುಳು ಎಲೆಯ ಅಂಚಿಗೆ ಬಾಯಿ ಹಾಕುವವರೆಗೆ ನಿಂತು ನೋಡಿದೆ. ಬುಟ್ಟಿಗೆ ಬಟ್ಟೆ ಮುಚ್ಚಿ ಗಳಕ್ಕೆ ತೂಗುಹಾಕಿ, ಕೈ ತೊಳೆದುಕೊಂಡು, ಊಟಕ್ಕೆ ಕೂತೆ.